ಅಜ್ಜನ ಎಡ ಮೊಣಕಾಲು

ಸಾಂತಾ ಕ್ರೂಸ್
20 ಫೆಬ್ರವರಿ 1991

ತಮ್ಮಾ ಲಿನೊ,

ಮೊನ್ನೆ ಕೆಟ್ಟ ಕನಸು ಬಿತ್ತು. ಅಜ್ಜ ಅಂಗಾತ ಮಲಗಿದ್ದ. ಬೋರಲು ಮಲಗಿ, ಬೆನ್ನ ಮೇಲಿನ ಎರಡು ನಾಲಗೆಯಿಂದ ಮೋಡದ ಜೊತೆ ಮಾತಾಡಬೇಕಾದವನು ಹೆಣದ ಹಾಗೆ ಅಂಗಾತ ಬಿದ್ದಿದ್ದ. ನಾಲಗೆ ಎರಡೂ ಮಣ್ಣಿಗೆ ಒತ್ತಿಕೊಂಡಿದ್ದವು. ಮೈಮೇಲೆ ಬೆಳ್ಳಗೆ ಏನೋ ಸುರಿದಿತ್ತು, ಉಪ್ಪೋ, ನೀನು ಬರೆಯುತ್ತೀಯಲ್ಲ ಆ ಹಿಮವೋ. ತಿರುಗಿಸಿ ಮಲಗಿಸೋಣ ಅಂತ ಕೈ ಹಾಕಿದೆ. ನೋಡಿದರೆ ಅದು ಅಜ್ಜನ ಮುಖ ಅಲ್ಲ, ನಿನ್ನದು. ನೀನು ಬಾಯಿ ತೆರೆದು ಏನೋ ಕೇಳಿದೆ. ನೀರು ಅಂದೆಯೋ ಬೆಂಕಿ ಅಂದೆಯೋ ತಿಳಿಯಲಿಲ್ಲ. ಬೆಳಿಗ್ಗೆ ಅದೇ ಯೋಚನೆಯಲ್ಲಿ ಕಾವಲಿ ಮುಂದೆ ಕೂತು ತೋರ್ತಿಯಾ ರೊಟ್ಟಿ ಎಲ್ಲಾ ಕರಿ ಮಾಡಿದೆ.

ಇದೆಲ್ಲ ನಿನ್ನ ಪತ್ರದಿಂದ ಆದದ್ದು. ಚಳಿ ತಡೆಯದೆ ಮ್ಯೂಸಿಯಂ ಒಳಗೆ ಹೊಕ್ಕೆ, ಅಲ್ಲಿ ಗಾಜಿನ ಪೆಟ್ಟಿಗೆಯಲ್ಲಿ ಒಂದು ಮರದ ನಗಾರಿ ಇತ್ತು, ಬೋರಲು ಮಲಗಿದ ಮುದುಕನ ಆಕಾರ, ಬೆನ್ನಿನಲ್ಲಿ ಬಡಿದರೆ ನುಡಿಯುವ ಎರಡು ಸೀಳು ನಾಲಗೆ, ನಮ್ಮ ಅಜ್ಜನೇ ಇರಬೇಕು ಅಂತ ಬರೆದು ಸುಮ್ಮನಾದೆ. "ಇರಬೇಕು" ಅಂದರೆ ಏನು ಲಿನೊ? ಹೌದೋ ಅಲ್ಲವೋ? ರೈಲು ಹಾಕೋಕೆ ಬಂದಿದ್ದ ಆ ಪರದೇಶದ ಎಂಜಿನಿಯರು ಅಜ್ಜನ ಬಿರುಕು ರಿಪೇರಿ ಮಾಡಿಸಿ ಮಳೆಗಾಲ ಮುಗಿದ ಮೇಲೆ ತರುತ್ತೇನೆ ಅಂತ ಹೊರಿಸಿಕೊಂಡು ಹೋದದ್ದು ಅಪ್ಪನ ತಾತನ ಕಾಲದಲ್ಲಿ. ಅಜ್ಜನನ್ನು ಕಣ್ಣಾರೆ ಕಂಡವರು ಈ ಊರಲ್ಲಿ ಯಾರೂ ಉಳಿದಿಲ್ಲ. ನಾನು, ನೀನು, ಅಪ್ಪ ಎಲ್ಲರೂ ನೋಡಿದ್ದು ಅವನ ಖಾಲಿ ಚಾಪೆ ಮತ್ತು ಅವನನ್ನು ಬಡಿಯುವ ಎರಡು ಕೋಲು ಅಷ್ಟೇ. ನೀನು ಹೇಗೆ ಗುರುತು ಹಿಡಿದೆ?

ಅದಕ್ಕೇ ಹೇಳುತ್ತೇನೆ, ಇನ್ನೊಂದು ಸಲ ಹೋಗು. ಅಪ್ಪ ಹೇಳುತ್ತಿದ್ದ ಗುರುತು ನೆನಪಿದೆಯಲ್ಲ? ಎಡ ಮೊಣಕಾಲಿನ ಕೆಳಗೆ ಹುಳ ಕೊರೆದ ತೂತು. ಮುತ್ತಜ್ಜಿ ಅದರೊಳಗೆ ನೀಲಿ ಜೋಳದ ಕಾಳು ಹಾಕಿ, ಅವನಿಗೆ ಹಸಿವಾಗಬಾರದು ಅಂತ, ಮೇಲೆ ಧೂಪದ ಅಂಟು ಮೆತ್ತಿದ್ದಳಂತೆ. ಅದು ಇದೆಯಾ ನೋಡು. ಅವನನ್ನು ಬೋರಲು ಮಲಗಿಸಿದ್ದಾರಾ ಅದನ್ನೂ ನೋಡು. ನೀನು ನೋಡಿ ಬರೆಯುವ ತನಕ ಯಾರ ಹತ್ತಿರವೂ ಬಾಯಿ ಬಿಡೋದಿಲ್ಲ. ಬಿಟ್ಟರೆ ದೋನ್ ಮೆಲಿತೋನ್ ನಾಳೆಯೇ ಟೋಪಿ ಹಾಕಿಕೊಂಡು ಹಡಗು ಹತ್ತಲು ಹೊರಡುತ್ತಾನೆ. ಊರಿನ ಹಿರಿಯ ಅನ್ನೋದೊಂದೇ, ಕಾಲು ನೆಟ್ಟಗೆ ನಿಲ್ಲೋದಿಲ್ಲ ಅವನಿಗೆ.

ಇಲ್ಲಿ ಎಲ್ಲಾ ಸರಿ ಇದೆ. ಶಿಲುಬೆ ಹಬ್ಬಕ್ಕೆ ಕೋಲಿನ ತುದಿಗೆ ಹೊಸ ರಬ್ಬರು ಸುತ್ತಿದ್ದೇನೆ. ನೀನು ಹೋದ ಮೇಲೆ ದೊಡ್ಡಪ್ಪನ ಮಗ ಫಿದೆನ್ಸಿಯೊ ಹಬ್ಬದಲ್ಲಿ ಅಜ್ಜನ ಬದಲು ಅವನ ಖಾಲಿ ಚಾಪೆ ಬಡಿಯುತ್ತಾನೆ, ನಮ್ಮ ಮನೆಯ ಗಂಡಸು ಅಂತ ಅವನೊಬ್ಬ ಇದ್ದಾನಲ್ಲ. ಚೆನ್ನಾಗಿಯೇ ಬಡಿಯುತ್ತಾನೆ. ನೀನು ಚಿಂತೆ ಮಾಡಬೇಡ.

ಗ್ರೇಟಾ ಹೇಗಿದ್ದಾಳೆ? ಮದುವೆ ಫೋಟೋ ಕಳಿಸುತ್ತೇನೆ ಅಂದಿದ್ದೆ. ಟಪಾಲಿನಲ್ಲಿ ಕಳೆದುಹೋಯಿತೋ ಏನೋ ಅಂತ, ಊರಿನ ಟಪಾಲು ಇಟ್ಟುಕೊಳ್ಳುವ ಅಂಗಡಿಯವಳನ್ನು ಕೇಳಿ ಕೇಳಿ ಅವಳು ನನ್ನ ಮುಖ ಕಂಡರೆ ಒಳಗೆ ಹೋಗುತ್ತಾಳೆ. ಎದೆಗೆ ಉಣ್ಣೆ ಬಟ್ಟೆ ಸುತ್ತಿಕೋ. ಕೆಮ್ಮು ಬಂದರೆ ಬರೆ. ಬರದಿದ್ದರೂ ಬರೆ.

ನಿನ್ನ ಅಕ್ಕ
ಎಪಿಫಾನಿಯಾ


ಬಂದರು
7 ಏಪ್ರಿಲ್ 1991

ಅಕ್ಕಾ,

ಅಜ್ಜ ಬೋರಲೇ ಮಲಗಿದ್ದಾನೆ. ಇನ್ನು ನಿದ್ದೆ ಮಾಡು.

ಭಾನುವಾರ ಹೋಗಿದ್ದೆ. ಅವತ್ತು ಮ್ಯೂಸಿಯಮ್ಮಿಗೆ ಎಲ್ಲರನ್ನೂ ದುಡ್ಡಿಲ್ಲದೆ ಬಿಡುತ್ತಾರೆ. ಅವನ ಪೆಟ್ಟಿಗೆಯ ತಳವೂ ಗಾಜಿನದೇ, ಕೆಳಗಿನಿಂದ ಹೊಟ್ಟೆ ಕಾಣುತ್ತದೆ. ಆದರೆ ಕಾಣಬೇಕಾದರೆ ನೆಲದ ಮೇಲೆ ಮಲಗಬೇಕು. ಮಲಗಿದೆ. ಟೋಪಿ ತೆಗೆದು ತಲೆ ಕೆಳಗೆ ಇಟ್ಟುಕೊಂಡೆ. ಅಷ್ಟರಲ್ಲಿ ಕಾವಲಿನವನು ಓಡಿ ಬಂದ. ತುರ್ಕಿ ಕಡೆಯ ಮುದುಕ, ಯಾಕುಪ್ ಅಂತ ಹೆಸರು. ನಾನು ಈ ದೇಶದ ಮಾತು ಮುರಿದು ಆಡುತ್ತೇನೆ, ಅವನು ಪುಡಿ ಮಾಡಿ ಆಡುತ್ತಾನೆ.

"ಏಯ್, ಏನಯ್ಯಾ, ಕುಡಿದು ಬಿದ್ದಿದೀಯಾ?"

"ಇಲ್ಲಣ್ಣ, ಅಜ್ಜನ ಕಾಲು ನೋಡ್ತಿದೀನಿ."

"ಯಾರಜ್ಜ?"

"ನಮ್ಮಜ್ಜ. ಒಳಗಿದಾನಲ್ಲ, ಇವನೇ."

ಅವನು ಒಂದು ಸಲ ಪೆಟ್ಟಿಗೆ ನೋಡಿದ, ಒಂದು ಸಲ ನನ್ನ ನೋಡಿದ. "ಮೂಗು ಒಂದೇ ಥರ ಇದೆ ಬಿಡು," ಅಂದ. "ನಮ್ಮಜ್ಜ ಮಣ್ಣೊಳಗಿದಾನೆ. ನಿಮ್ಮೋನು ಗಾಜೊಳಗಾದ್ರೂ ಇದಾನೆ, ನೀನೇ ಪುಣ್ಯವಂತ. ಬೇಗ ನೋಡಿ ಏಳು, ನನ್ನ ಕೆಲಸಕ್ಕೆ ಕಲ್ಲು ಹಾಕ್ಬೇಡ."

ಪೆಟ್ಟಿಗೆ ಮೇಲೆ "ಅಜ್ಟೆಕ್ ವಾದ್ಯ" ಅಂತ ಬರೆದಿದೆಯಂತೆ. ಅವನೇ ಓದಿ ಹೇಳಿದ. "ಹಂಗಾದ್ರೆ ನೀನು ಅಜ್ಟೆಕ್ಕಾ?" ಅಂತ ಕೇಳಿದ. "ನಾನು ಸಾಂತಾ ಕ್ರೂಸ್‌ನೋನು," ಅಂದೆ. "ಅದೆಲ್ಲಿದೆ?" ಅಂದ. ನಾನು ಬಂದರಿನ ಆಚೆ ಕೈ ತೋರಿಸಿದೆ ಅಕ್ಕ.

ಇದೆ. ಅಂಟು ಇದೆ. ಎಡ ಮೊಣಕಾಲಿನ ಕೆಳಗೆ. ಅವನ ಮುಖ ನೋಡೋರ ಕಡೆ ತಿರುಗಿಸಿ ಇಟ್ಟಿದ್ದಾರೆ, ಅದಕ್ಕೇ ಮೊದಲು ತಪ್ಪು ಕಡೆ ಹುಡುಕಿದೆ. ಆಮೇಲೆ ಅಪ್ಪ ಬೈದ ಹಾಗಾಯಿತು, ಅವನ ಎಡ ನೋಡೋ ದಡ್ಡ, ನಿನ್ನ ಎಡ ಅಲ್ಲ ಅಂತ. ಬೆಲ್ಲದ ಪಾಕದ ಬಣ್ಣ ಆಗಿದೆ. ದೀಪದ ಬೆಳಕು ಬಿದ್ದರೆ ಹೊಳೆಯುತ್ತದೆ. ಒಳಗೆ ಕಾಳು ಇದೆಯೋ ಇಲ್ಲವೋ ಅದು ಅವನಿಗೆ ಗೊತ್ತು.

ಅವನ ಮುಂದೆ ಇಡೋಕೆ ಕತ್ತಾಳೆ ಕಳ್ಳು ಇಲ್ಲಿ ಎಲ್ಲಿ ಸಿಗಬೇಕು. ಗಾಜಿನ ಮೇಲೆ ಬಾಯಿಂದ ಹಬೆ ಬಿಟ್ಟು ಬಂದೆ, ಕುಡಿದ ಅಂತ ಇಟ್ಟುಕೋ.

ಗ್ರೇಟಾ ಚೆನ್ನಾಗಿದ್ದಾಳೆ. ಫೋಟೋ ಮುಂದಿನ ಸಲ. ಸೋಪಿನ ನೀರಿಗೆ ಬೆರಳೆಲ್ಲ ಒಡೆದಿವೆ, ಪೆನ್ನು ಹಿಡಿಯೋಕೆ ಕಷ್ಟ. ಅದಕ್ಕೇ ಇಷ್ಟೇ.

ಲಿನೊ


ಸಾಂತಾ ಕ್ರೂಸ್
12 ಮೇ 1991

ತಮ್ಮಾ ಲಿನೊ,

ಬಾಯಿ ಬಿಡೋದಿಲ್ಲ ಅಂದವಳು ಬಿಟ್ಟೆ. ನಿನ್ನ ಪತ್ರ ಬಂದ ದಿನ ಅಂಗಡಿಯಿಂದ ಮನೆಗೆ ಬರೋ ದಾರಿಯಲ್ಲೇ ದೋನ್ ಮೆಲಿತೋನ್ ಸಿಕ್ಕ. "ಯಾಕೇ ಹುಡುಗಿ, ಅಳ್ತಿದೀಯಾ ನಗ್ತಿದೀಯಾ?" ಅಂದ. ಐವತ್ತಾದರೂ ಅವನಿಗೆ ನಾನು ಹುಡುಗಿಯೇ. ಹೇಳಿಬಿಟ್ಟೆ. ಅವನು ಟೋಪಿ ತೆಗೆದು ದಾರಿಯ ಕಲ್ಲಿನ ಮೇಲೆ ಕೂತ. ಈ ಮುದುಕ ಇಲ್ಲೇ ಹೋಗಿಬಿಟ್ಟರೆ ಊರಿಗೆ ಏನು ಹೇಳೋದು ಅಂತ ಸುತ್ತ ಯಾರಾದರೂ ಇದ್ದಾರಾ ನೋಡಿದೆ. ಆಮೇಲೆ "ಬೋರಲು ಮಲಗಿಸಿದಾರಾ?" ಅಂತ ಕೇಳಿದ. ಹೌದು ಅಂದೆ. "ಹಂಗಾದ್ರೆ ತೀರಾ ಕೆಟ್ಟವರಲ್ಲ," ಅಂದು ಎದ್ದ.

ಹಬ್ಬ ಮುಗಿದ ಮೇಲೆ ಶಾಲೆಯ ಜಗಲಿಯಲ್ಲಿ ಸಭೆ ಸೇರಿತು. ಅಜ್ಜನನ್ನು ಕಳಿಸಿಕೊಡಿ ಅಂತ ಬರೆಯಬೇಕು ಅಂತ ಎಲ್ಲರೂ ಕೂಗಿದರು. ಹೊಸ ಮೇಷ್ಟ್ರು ರುತಿಲಿಯೊ ಮಾತ್ರ ಬೇರೆ ಥರ ಮಾತಾಡಿದರು. ಒಳ್ಳೆಯವರೇ, ಪುಯೆಬ್ಲಾ ಪೇಟೆಯವರು.

"ಕೋಪ ಮಾಡ್ಕೋಬೇಡಿ ದೋನ್ ಮೆಲಿತೋನ್. ಅಲ್ಲಿ ಗಾಜಿದೆ, ತಂಪಿನ ಮಿಷಿನ್ನಿದೆ, ಲೋಕವೇ ಬಂದು ನೋಡ್ತದೆ. ಇಲ್ಲಿ ಎಲ್ಲಿಡ್ತೀರಿ? ಚರ್ಚಿನ ಅಟ್ಟದಲ್ಲಿ ಇಲಿ. ಹೋದ ಹಬ್ಬದಲ್ಲಿ ರಾಕೆಟ್ ಬಿಟ್ಟು ಸೂರು ಸುಟ್ಟುಕೊಂಡ್ರಿ."

"ಮೇಷ್ಟ್ರೇ, ನಿಮ್ಮ ತಾಯಿ ಇದಾರಾ?"

"ಇದಾರೆ, ಪುಯೆಬ್ಲಾದಲ್ಲಿ."

"ಮನೆ ಸೋರ್ತದಾ?"

"ಮಳೆಗಾಲದಲ್ಲಿ ಒಂಚೂರು."

"ಹಂಗಾದ್ರೆ ಅವರನ್ನೂ ಮ್ಯೂಸಿಯಮ್ಮಿಗೆ ಕಳಿಸ್ಬಿಡಿ. ಗಾಜಿದೆ, ತಂಪಿದೆ, ಲೋಕವೇ ಬಂದು ನೋಡ್ತದೆ."

ಹೆಂಗಸರೆಲ್ಲ ಶಾಲಿನ ಅಂಚು ಬಾಯಿಗೆ ಒತ್ತಿಕೊಂಡು ನಕ್ಕರು. ಮೇಷ್ಟ್ರೂ ನಕ್ಕರು. ನಕ್ಕು ಅವರೇ ಪತ್ರ ಬರೆದುಕೊಟ್ಟರು, ಚೆನ್ನಾಗಿ ಬರೆದರು. ಆದರೆ ಅವರು ಹೇಳಿದ್ದು ನನ್ನ ತಲೆಯಿಂದ ಹೋಗುತ್ತಿಲ್ಲ. ಇಲಿ ನಿಜ. ಸೂರು ಸುಟ್ಟದ್ದೂ ನಿಜ. ಬಂದ ಮೇಲೆ ಅವನಿಗೆ ಏನಾದರೂ ಆದರೆ ಯಾರ ತಲೆಗೆ ಬರುತ್ತದೆ? ಕೋಲು ಇಟ್ಟುಕೊಂಡ ನಮ್ಮ ಮನೆಯವರ ತಲೆಗೆ. ಹಾಗಂತ ಅಲ್ಲೇ ಇರಲಿ ಅನ್ನೋಕೂ ಬಾಯಿ ಬರೋದಿಲ್ಲ. ಒಬ್ಬರನ್ನು ಚೆನ್ನಾಗಿ ಇಟ್ಟುಕೊಂಡಿದ್ದಾರೆ ಅಂತ ಅವರು ಮನೆಗೆ ಬರೋದೇ ಬೇಡ ಅನ್ನೋಕಾಗುತ್ತದಾ ಲಿನೊ?

ಈ ವರ್ಷವೂ ಹಬ್ಬ ಯಾವಾಗಿನ ಹಾಗೇ ಆಯಿತು. ಗಂಡಸರು ಟೋಪಿ ತೆಗೆದು ಖಾಲಿ ಚಾಪೆ ಸುತ್ತ ನಿಂತರು. ನೀನು ಬಡಿಯುವಾಗ ಸದ್ದಿಲ್ಲದಿದ್ದರೂ ಎಲ್ಲರಿಗೂ ಹಾಡು ಗೊತ್ತಾಗುತ್ತಿತ್ತು, ಎಲ್ಲಿ ನಿಲ್ಲಿಸಿದೆ ಎಲ್ಲಿ ಹೊರಳಿಸಿದೆ ಅಂತ. ಅದು ನೆನಪಾಯಿತು ಅಷ್ಟೇ.

ನೀನು ಅಲ್ಲಿ ಅಡುಗೆಯವನು ಅಂದಿದ್ದೆಯಲ್ಲ, ಅಡುಗೆ ಮಾಡುವವನ ಕೈ ಸೋಪಿನ ನೀರಿಗೆ ಯಾಕೆ ಒಡೆಯುತ್ತದೆ? ದೊಡ್ಡ ಹೋಟೆಲಿನಲ್ಲಿ ಪಾತ್ರೆ ತೊಳೆಯೋಕೆ ಬೇರೆ ಜನ ಇರೋದಿಲ್ಲವಾ? ಕೊಬ್ಬು ಹಚ್ಚಿಕೋ. ಗ್ರೇಟಾಗೆ ಹೇಳು, ಹಚ್ಚಿಕೊಡಲಿ.

ಎಪಿಫಾನಿಯಾ


ಬಂದರು
1 ಸೆಪ್ಟೆಂಬರ್ 1991

ಅಕ್ಕಾ,

ಉತ್ತರ ತಡವಾಯಿತು, ಬೇಸರ ಮಾಡಬೇಡ. ಕೆಲಸ ಜಾಸ್ತಿ.

ಊರಿನವರು ಅವಸರ ಮಾಡಿದರು ಅನ್ನಿಸುತ್ತದೆ. ಮೇಷ್ಟ್ರು ಹೇಳಿದ್ದರಲ್ಲಿ ತಪ್ಪೇನಿದೆ? ಇಲ್ಲಿ ಅವನ ಮೈಮೇಲೆ ಒಂದು ನೊಣ ಕೂರೋದಿಲ್ಲ. ಚಳಿಗಾಲದಲ್ಲಿ ಈ ಇಡೀ ಊರಿನಲ್ಲಿ ಬೆಚ್ಚಗಿರುವ ಕೋಣೆ ಅವನದೊಂದೇ. ಶಾಲೆಯ ಮಕ್ಕಳು ಬಂದು ಅವನ ಎದುರು ಕೂತು ಚಿತ್ರ ಬರೆಯುತ್ತಾರೆ. ಒಬ್ಬಳು ಚೋಟುದ್ದ ಹುಡುಗಿ ಯಾರೂ ನೋಡುತ್ತಿಲ್ಲ ಅಂತ ಅವನಿಗೆ ನಾಲಗೆ ಚಾಚಿ ಅಣಕಿಸಿದಳು. ಅವನಿಗೆ ಎರಡು ನಾಲಗೆ ಇದೆ ಅಂತ ಅವಳಿಗೇನು ಗೊತ್ತು. ನನಗೆ ಎಷ್ಟು ನಗು ಬಂತು ಅಂದರೆ, ಹೇಳೋಕೆ ಪಕ್ಕದಲ್ಲಿ ಯಾರೂ ಇರಲಿಲ್ಲ, ಅವನಿಗೇ ಹೇಳಿದೆ.

ಯಾಕುಪ್ ಹೋದ. ವಯಸ್ಸಾಯಿತು ಅಂತ ಮನೆಗೆ ಕಳಿಸಿದರು, ತುರ್ಕಿಗೆ, ಮಗಳ ಹತ್ತಿರ. ಹೋಗುವ ಮುಂಚೆ ನನಗೊಂದು ಮಡಚುವ ಕುರ್ಚಿ ಕೊಟ್ಟುಹೋದ, ಅಜ್ಜನ ಪಕ್ಕ ಹಾಕಿಕೊಂಡು ಕೂರು ಅಂತ. ಹೊಸಬ ಮಾತಾಡೋದಿಲ್ಲ, ಆದರೆ ಏಳು ಅಂತಲೂ ಅನ್ನೋದಿಲ್ಲ.

ಎಷ್ಟೋ ವರ್ಷದಿಂದ ಇಲ್ಲೇ ಇದ್ದಾನೆ ಅಕ್ಕ. ಅವನಿಗೂ ಅಭ್ಯಾಸ ಆಗಿರಬಹುದು. ವಾರದ ಸುದ್ದಿ ಎಲ್ಲಾ ಹೇಳುತ್ತೇನೆ, ನಮ್ಮ ಮಾತಿನಲ್ಲೇ. ಇನ್ನೆಲ್ಲೂ ಆ ಮಾತು ಬಾಯಿಗೆ ಬರೋದಿಲ್ಲ. ಒಂದು ಭಾನುವಾರ ಜ್ವರ ಬಂದು ಹೋಗಲಿಲ್ಲ, ಅವನು ಕಾದಿರುತ್ತಾನೆ ಅಂತ ದಿನವೆಲ್ಲ ಸಂಕಟ ಆಯಿತು.

ಜ್ವರ ಬಿಟ್ಟಿದೆ. ಗಾಬರಿ ಆಗಬೇಡ.

ಲಿನೊ


ಸಾಂತಾ ಕ್ರೂಸ್
3 ನವೆಂಬರ್ 1991

ತಮ್ಮಾ ಲಿನೊ,

ಜ್ವರ ಬಿಟ್ಟಿದೆ ಅಂತ ಬರೆದರೆ ಗಾಬರಿ ಬಿಡುತ್ತದಾ? ಯಾರು ಗಂಜಿ ಕಾಯಿಸಿಕೊಟ್ಟರು ಅಂತ ಬರೆಯಲಿಲ್ಲ. ಮೂರನೇ ಕ್ಲಾಸಿಗೆ ಶಾಲೆ ಬಿಟ್ಟವಳು ನಾನು, ಅಮ್ಮ ಹೋದಾಗ ನೀನಿನ್ನೂ ತೆವಳುತ್ತಿದ್ದೆ. ಓದೋಕೆ ನಿಧಾನ, ಆದರೆ ಓದಿದ್ದನ್ನು ಬಿಡೋದಿಲ್ಲ. ಪತ್ರದ ತುಂಬ ಕಾವಲಿನವನು, ಕುರ್ಚಿ, ಹುಡುಗಿ. ಗ್ರೇಟಾ ಹೆಸರು ಒಂದು ಕಡೆಯೂ ಇಲ್ಲ. ಜಗಳ ಆಡಿದ್ದೀರಾ?

ನಿನ್ನೆ ಸತ್ತವರ ಹಬ್ಬ. ಅಪ್ಪ ಅಮ್ಮನಿಗೆ ಮೋಲೆ ಸಾರು, ತಮಾಲೆ ಕಡುಬು, ಚೆಂಡುಹೂ ಎಲ್ಲಾ ಇಟ್ಟೆ. ಅವರು ದಾರಿ ತಪ್ಪದೆ ಬರಲಿ ಅಂತ ಬಾಗಿಲಿನಿಂದ ಮೇಜಿನ ತನಕ ಹೂವಿನ ದಾರಿ ಹಾಕುವಾಗ, ಬದುಕಿರೋರಿಗೂ ಹೀಗೊಂದು ದಾರಿ ಹಾಕೋ ಪದ್ಧತಿ ಇರಬೇಕಿತ್ತು ಅನ್ನಿಸಿತು. ಇರಲಿ.

ದೊಡ್ಡ ಸುದ್ದಿ ಏನಂದರೆ, ಮ್ಯೂಸಿಯಮ್ಮಿನಿಂದ ಒಬ್ಬಳು ಬಂದಿದ್ದಳು. ಉರ್ಸುಲಾ ಅಂತ. ಬಿಸಿಲಿಗೆ ಮುಖ ಟೊಮೇಟೊ ಆಗಿತ್ತು ಪಾಪ. ಖಾರಕ್ಕೆ ಕಣ್ಣೀರು ಸುರಿಸಿಕೊಂಡು ತಟ್ಟೆಯಲ್ಲಿ ಒಂದು ಚೂರೂ ಬಿಡದೆ ತಿಂದಳು. ಕೆಟ್ಟ ಹುಡುಗಿ ಅಲ್ಲ. ಕಡ ಕೊಟ್ಟಿದ್ದೋ ಕದ್ದದ್ದೋ ಅಂತ ತಿಳಿಯಬೇಕು, ಕದ್ದದ್ದು ಆಗಿದ್ದರೆ ಕೆಲಸ ಸಲೀಸು ಅಂದಳು. ದೋನ್ ಮೆಲಿತೋನನ್ನು ಕೇಳಿದಳು: "ನಿಮ್ಮ ಅಜ್ಜನನ್ನ ಕದ್ದುಕೊಂಡು ಹೋದ್ರಾ?"

ಅವನ ಮುಖ ಕಪ್ಪಿಟ್ಟಿತು. "ಛೆ ಛೆ! ಅಜ್ಜನನ್ನ ಕದಿಯೋಕಾಗ್ತದೇನಮ್ಮಾ? ಅವನೇನು ಕೋಳಿನಾ? ಅವನೇ ಹೋದ. ಲೋಕ ನೋಡ್ಕೊಂಡು ಬರ್ತೀನಿ ಅಂತ ಹೋಗಿದಾನೆ."

ಸುತ್ತ ಕೂತವರೆಲ್ಲ ಹೌದು ಹೌದು ಅಂದರು. ನಾನೂ ಅಂದೆ! ಹುಟ್ಟಿದಾಗಿನಿಂದ ಹಾಗೇ ಹೇಳಿಕೊಂಡು ಬಂದಿದ್ದೇವೆ, ಅಜ್ಜ ಊರಿಗೆ ಹೋಗಿದ್ದಾನೆ ಅಂತ. ಕದ್ದರು ಅಂದರೆ ಅವನಿಗೆ ಬಿಡಿಸಿಕೊಳ್ಳೋ ಶಕ್ತಿ ಇರಲಿಲ್ಲ ಅಂದಂತೆ. ಅವಳು ಬರೆದುಕೊಂಡಳು. ಹಿಂದೆ ನಿಂತಿದ್ದ ಮೇಷ್ಟ್ರು ತಲೆ ಮೇಲೆ ಕೈ ಹೊತ್ತುಕೊಂಡರು. ಅವಳು ಆ ಕಡೆ ಹೋದ ಮೇಲೆ ಬೈದರು:

"ಏನು ಮಾಡಿದ್ರಿ? ಅವನೇ ಹೋದ ಅಂದ್ರೆ ನೀವೇ ಒಪ್ಪಿ ಕೊಟ್ರಿ ಅಂತ ಆಯ್ತಲ್ಲ!"

"ಮತ್ತೇನನ್ಬೇಕಿತ್ತು? ನಮ್ಮಜ್ಜ ಕಳ್ಳಮಾಲು ಅನ್ಲಾ?"

"ಒಂದು ಸಲ ಅಂದಿದ್ರೆ ಸಾಕಾಗಿತ್ತು!"

"ಮೇಷ್ಟ್ರೇ, ಅಂದಿದ್ರೆ ಅವನು ಬರ್ತಾನೇ ಇರ್ಲಿಲ್ಲ. ಮಾನ ಇರೋನು."

ಕೊನೆಗೆ ಮೇಷ್ಟ್ರು ಅವಳಿಗೆ ಬಿಡಿಸಿ ಹೇಳಿದರು. ಅವಳು, ಅದು ಆಮೇಲಿನ ಮಾತು, ಮೊದಲು ಈ ನಗಾರಿ ನಿಮ್ಮದೇ ಅಂತ ತಿಳಿಯಲಿ, ನಿಮ್ಮದೇ ಆದರೆ ವಾಪಸು ಕೊಡುವ ಮನಸ್ಸು ಮೇಲಿನವರಿಗಿದೆ ಅಂದಳು. ಆದರೆ ನಾವು ಬರೆದ ಗುರುತನ್ನು ಅವರು ನೋಡಿದರಂತೆ, ಎಡ ಮೊಣಕಾಲಿನ ಹತ್ತಿರ ಏನೂ ಇಲ್ಲವಂತೆ. ನಾನು, ಇದೆಯಮ್ಮಾ, ನನ್ನ ತಮ್ಮ ಕಂಡಿದ್ದಾನೆ, ಅದೇ ಊರಲ್ಲಿದ್ದಾನೆ ಅಂದೆ. ಅವಳ ಕಣ್ಣು ಅರಳಿತು. ಹಾಗಾದರೆ ಅವರೇ ಬಂದು ಬೆರಳಿಟ್ಟು ತೋರಿಸಲಿ, ಪೆಟ್ಟಿಗೆ ತೆಗೆಸುತ್ತೇನೆ ಅಂದಳು. ಮ್ಯೂಸಿಯಮ್ಮಿನ ಬಾಗಿಲಲ್ಲಿ ಉರ್ಸುಲಾ ಅಂತ ಕೇಳಿದರೆ ಸಾಕಂತೆ.

ಅಷ್ಟೇ ಲಿನೊ. ಒಂದು ಬೆರಳು ತೋರಿಸಿದರೆ ಅಜ್ಜ ಬರುತ್ತಾನೆ. ಹೊತ್ತು ತರೋಕೆ ದೋನ್ ಮೆಲಿತೋನನ ಸೋದರಳಿಯ ಒನೆಸಿಮೊ ಹೊರಟು ನಿಂತಿದ್ದಾನೆ. ಮೆಕ್ಸಿಕೊ ಪೇಟೆಯಲ್ಲಿ ಕೆಲಸ, ಅವನ ಹತ್ತಿರ ಪಾಸ್‌ಪೋರ್ಟ್ ಇದೆ. ನಿನಗೆ ತೊಂದರೆ ಕೊಡೋದು ಬೇಡ ಅಂತ ಎಲ್ಲರೂ ಅಂದರು, ದೊಡ್ಡ ಹೋಟೆಲಿನ ಕೆಲಸ, ಸಂಸಾರ ಬೇರೆ. ನಾನೂ ಹೂಂ ಅಂದೆ. ನೀನು ತೋರಿಸಿದರೆ ಸಾಕು.

ಎಪಿಫಾನಿಯಾ


ಬಂದರು
15 ಜನವರಿ 1992

ಅಕ್ಕಾ,

ಹೋಗಿ ನೋಡಿದೆ. ಎಡಗಡೆ ಏನೂ ಇಲ್ಲ. ಹಿಂದೆ ನಾನು ಕಂಡದ್ದು ವಾರ್ನಿಶ್ ಇರಬೇಕು, ಇಲ್ಲ ದೀಪದ ಬೆಳಕು. ಅವನು ನಮ್ಮ ಅಜ್ಜ ಅಲ್ಲ. ಬೇರೆ ಯಾವುದೋ ಊರಿನವರ ಅಜ್ಜ. ಉರ್ಸುಲಾ ಹತ್ತಿರ ಹೋಗಿ ನಾಚಿಕೆ ಪಡೋದು ಬೇಡ ಅಂತ ಹೋಗಲಿಲ್ಲ.

ದೋನ್ ಮೆಲಿತೋನಿಗೆ ಹೇಳಿಬಿಡು. ಒನೆಸಿಮೊ ಸುಮ್ಮನೆ ಇಷ್ಟು ದೂರ ಬರೋದು ಬೇಡ.

ಇಲ್ಲಿ ಮಧ್ಯಾಹ್ನಕ್ಕೇ ಕತ್ತಲು. ಬಂದರಿನ ನೀರು ಹೆಪ್ಪುಗಟ್ಟಿದೆ. ಭಾನುವಾರ ಬಾಗಿಲು ಹಾಕುವ ತನಕ ಅವನ ಪಕ್ಕ ಕೂತಿದ್ದೆ.

ಲಿನೊ


ಸಾಂತಾ ಕ್ರೂಸ್
16 ಫೆಬ್ರವರಿ 1992

ತಮ್ಮಾ ಲಿನೊ,

ಹೇಳಿದೆ. ಯಾರೂ ಕೂಗಾಡಲಿಲ್ಲ. ಕೂಗಾಡಿದ್ದರೆ ಚೆನ್ನಾಗಿತ್ತು. ದೋನ್ ಮೆಲಿತೋನ್, "ಇರ್ಲಿ ಬಿಡು, ಮರದ ಮೇಲೆ ಬೆಳಕು ಬಿದ್ರೆ ಏನೇನೋ ಕಾಣ್ತದೆ," ಅಂದು ಎದ್ದು ಹೋದ. ಟೋಪಿ ಮರೆತು ಹೋದ. ನಾನೇ ಅವನ ಮನೆಗೆ ತಲುಪಿಸಿ ಬಂದೆ. ನಮ್ಮ ತಪ್ಪು, ಬೇರೆ ಊರಿನವರ ಅಜ್ಜ ಅಂತ ಮೇಷ್ಟ್ರು ಮ್ಯೂಸಿಯಮ್ಮಿಗೆ ಬರೆಯಬೇಕು. ಬರೆಯುತ್ತೇನೆ ಅಂದಿದ್ದಾರೆ.

ನಿನಗೆ ಕಣ್ಣಿನ ತೊಂದರೆ ಏನಾದರೂ ಇದೆಯಾ? ಅಪ್ಪನಿಗೂ ಈ ವಯಸ್ಸಿಗೇ ಪೊರೆ ಬಂದಿತ್ತು. ಇಲ್ಲ, ಆ ಕಚೇರಿಗೆ ಹೋದರೆ ಕಾಗದ ತೋರಿಸು ಅಂತಾರೆ, ಪೊಲೀಸಿನವರು ಹಿಡೀತಾರೆ ಅಂತ ಹೆದರಿಕೆಯಾ? ಹೆದರಿಕೆ ಇದ್ದರೆ ಬರೆ. ನನಗಿಂತ ಹೆದರುಪುಕ್ಕಲಿ ಯಾರಿದ್ದಾರೆ, ನನ್ನ ಹತ್ತಿರ ಏನು ನಾಚಿಕೆ.

ಎಪಿಫಾನಿಯಾ


ಸಾಂತಾ ಕ್ರೂಸ್
6 ಮೇ 1992

ತಮ್ಮಾ ಲಿನೊ,

ನಿನ್ನ ಪತ್ರ ಬಂದಿಲ್ಲ. ಅಂಗಡಿಯವಳು ಈಗ ನಾನು ಕೇಳುವ ಮುಂಚೆಯೇ ದೂರದಿಂದ ಕೈ ಆಡಿಸುತ್ತಾಳೆ, ಇಲ್ಲ ಅಂತ.

ಮೊನ್ನೆ ಶಿಲುಬೆ ಹಬ್ಬ ಆಯಿತು. ಚಾಪೆ ಹಾಸಿದೆ, ಧೂಪ ಹಾಕಿದೆ, ಕಳ್ಳಿನ ಬಟ್ಟಲು ಇಟ್ಟೆ, ಕೋಲು ಎರಡನ್ನೂ ಚಾಪೆ ಮೇಲೆ ಮಲಗಿಸಿದೆ. ಜನ ಬಂದು ನಿಂತರು. ಕೋಲು ಮಲಗಿದಲ್ಲೇ ಮಲಗಿದ್ದವು. ಒಂದು ಹಾಡಿನಷ್ಟು ಹೊತ್ತು ನಿಂತು ಟೋಪಿ ಹಾಕಿಕೊಂಡು ಹೋದರು, ನೀನು ಹೋದಾಗಿನಿಂದ ಪ್ರತಿ ವರ್ಷ ಹೋಗುವ ಹಾಗೆ. ಬರೆದುಬಿಟ್ಟೆ, ಇನ್ನು ಹೊಡೆದುಹಾಕೋದಿಲ್ಲ. ಫಿದೆನ್ಸಿಯೊ ಬಡಿಯುತ್ತಾನೆ ಅಂತ ಬರೆದದ್ದು ಸುಳ್ಳು, ಅವನು ಹಲ್ಲೆಲೂಯಾ ಅನ್ನುವ ಹೊಸ ಪಂಥದವರ ಸಭೆಗೆ ಸೇರಿ ಎಷ್ಟೋ ಕಾಲ ಆಯಿತು. ಕೋಲು ಮುಟ್ಟಿದರೆ ಪಾಪ ಅಂತಾನೆ.

ಚಾಪೆ ಸುತ್ತುವಾಗ ನಿನ್ನ ಜನವರಿ ಪತ್ರ ನೆನಪಾಯಿತು. ನಮ್ಮ ಅಜ್ಜ ಅಲ್ಲ ಅಂತ ಬರೆದಿದ್ದೀಯ. ಅದರ ಕೆಳಗೇ, ಬಾಗಿಲು ಹಾಕುವ ತನಕ ಅವನ ಪಕ್ಕ ಕೂತಿದ್ದೆ ಅಂತ ಬರೆದಿದ್ದೀಯ. ಬೇರೆ ಊರಿನವರ ಅಜ್ಜನ ಪಕ್ಕ ಯಾರಾದರೂ ಅಷ್ಟು ಹೊತ್ತು ಕೂರುತ್ತಾರಾ? ನಾನು ಬುದ್ಧಿವಂತೆ ಅಲ್ಲ ಲಿನೊ. ಇದು ಗೊತ್ತಾಗೋಕೆ ಚಳಿಗಾಲ ಪೂರ್ತಿ ಬೇಕಾಯಿತು. ಒನೆಸಿಮೊ ಬಂದು ಹೊತ್ತುಕೊಂಡು ಹೋಗುತ್ತಾನೆ ಅಂತ ಎಷ್ಟು ಸಲೀಸಾಗಿ ಬರೆದೆ ನಾನು. ಆಮೇಲಿನ ಭಾನುವಾರ ನೀನು ಕುರ್ಚಿ ಹಿಡಿದುಕೊಂಡು ಹೋದರೆ ಅಲ್ಲಿ ಏನಿರುತ್ತದೆ ಅಂತ ಯೋಚಿಸಲೇ ಇಲ್ಲ.

ನಿನ್ನೆ ದೋನ್ ಮೆಲಿತೋನನ ಮನೆಗೆ ಹೋದೆ. ದಾರಿಯುದ್ದಕ್ಕೂ ವಾಪಸು ಹೋಗಿಬಿಡೋಣ ಅಂತ ಕಾಲು ಎಳೆಯುತ್ತಿತ್ತು. ಅವನು ಜೋಳ ಬಿಡಿಸುತ್ತಿದ್ದ.

"ಅಜ್ಜನನ್ನ ಒನೆಸಿಮೊ ತರೋದು ಬೇಡ," ಅಂದೆ.

"ಯಾವ ಅಜ್ಜ? ಅವನು ನಮ್ಮೋನಲ್ಲ ಅಂತ ನೀನೇ ಹೇಳಿದೆಯಲ್ಲೇ."

"ಇರ್ಲಿ. ನಮ್ಮೋನಾಗಿದ್ರೆ. ಒನೆಸಿಮೊ ಬೇಡ."

"ಯಾಕೆ, ಅವನ ಬೆನ್ನು ಗಟ್ಟಿ ಇದೆ."

"ಅದು ನಮ್ಮ ಮನೆ ಬೆನ್ನಲ್ಲ. ಹೊತ್ತು ತಂದ್ರೆ ಲಿನೊನೇ ತರ್ಬೇಕು. ಅವನು ಬರ್ದಿದ್ರೆ ಅಜ್ಜನೂ ಬೇಡ."

"ಇದನ್ನ ಹೇಳೋಕೆ ನೀನ್ಯಾರೇ?"

"ಕೋಲು ನನ್ನ ಹತ್ರ ಇವೆ."

ಅವನು ಜೋಳದ ತೆನೆ ಕೆಳಗಿಟ್ಟ. "ಹೆದರಿಸ್ತೀಯೇನೇ ಹುಡುಗಿ?"

"ಹೂಂ. ನನಗೇ ಹೆದರಿಕೆ ಆಗ್ತಿದೆ."

ಅವನು ನಕ್ಕ, ಹಲ್ಲಿಲ್ಲದ ಬಾಯಿ ಪೂರ್ತಿ ತೆರೆದು ನಕ್ಕ. ನಿಮ್ಮಪ್ಪನೂ ಹೀಗೇ ನಡುಗ್ತಾ ಜಗಳಕ್ಕೆ ಬರ್ತಿದ್ದ ಅಂದ. ಆಮೇಲೆ ಹೇಳಿದ, ಒಬ್ಬರು ಲೋಕ ನೋಡೋಕೆ ಹೋದ್ರು ಅಂತ ನಾವಂದ್ಕೊಂಡ್ವಿ, ಇಬ್ಬರು ಹೋಗಿದಾರೆ, ಇಬ್ಬರೂ ಒಟ್ಟಿಗೆ ಬರ್ಲಿ. ದಾರಿ ಖರ್ಚು ಊರಿನದು. ಸಭೆಯಲ್ಲಿ ಅವನೇ ಹೇಳುತ್ತಾನೆ.

ಇಲಿಗೆ ಬೆಕ್ಕು ತಂದಿದ್ದೇನೆ. ಅಟ್ಟ ಬೇಡ, ನಮ್ಮ ಒಳಮನೆಯಲ್ಲೇ ಚಾಪೆ ಹಾಸುತ್ತೇನೆ. ನಿನ್ನ ಹಾಸಿಗೆ ಅದೇ ಗೋಡೆಗೆ ಇದೆ. ಬರುವಾಗ ಏನೂ ತರಬೇಡ. ಗ್ರೇಟಾ ಬಂದರೆ ಸಂತೋಷ, ಅವಳಿಗೂ ಜಾಗ ಮಾಡುತ್ತೇನೆ. ಗ್ರೇಟಾ ಇಲ್ಲದಿದ್ದರೆ ಇಲ್ಲ. ಯಾರೂ ಕೇಳೋದಿಲ್ಲ. ಕೇಳಿದರೆ ಅವರ ಬಾಯಿಗೆ ಬಿಸಿ ತಮಾಲೆ ತುರುಕುತ್ತೇನೆ. ಪಾತ್ರೆ ನಮ್ಮ ಮನೆಯಲ್ಲಿ ನಾನೇ ತೊಳೆಯೋದು, ನಿನ್ನ ಕೈಗೆ ಕೋಲು ಬಿಟ್ಟರೆ ಬೇರೇನೂ ಕೊಡೋದಿಲ್ಲ.

ಇದೆಲ್ಲ ಬರೆದದ್ದು ಸರಿಯೋ ತಪ್ಪೋ ಗೊತ್ತಿಲ್ಲ. ನೀನು ಬರೋಕೆ ಮನಸ್ಸಿಲ್ಲದಿದ್ದರೆ ಅಜ್ಜ ಅಲ್ಲೇ ಇರಲಿ, ಜೊತೆಗೆ ಒಬ್ಬನಾದರೂ ಇದ್ದಾನೆ ಅಂತ ನಾನು ಸಮಾಧಾನ ಮಾಡಿಕೊಳ್ಳುತ್ತೇನೆ. ಊರಿಗೆ ಏನು ಹೇಳೋದು ಅಂತ ಆಗ ಯೋಚಿಸುತ್ತೇನೆ. ಹೇಗೂ ಯೋಚಿಸೋದು ನನ್ನ ಕೆಲಸ.

ಅವನು ನಮ್ಮ ಅಜ್ಜ ಅಲ್ಲ ಅಂತ ಮ್ಯೂಸಿಯಮ್ಮಿಗೆ ಬರೆದ ಪತ್ರ ಇನ್ನೂ ಮೇಷ್ಟ್ರ ಚೀಲದಲ್ಲೇ ಇದೆ. ನಾನೇ ತಡೆದಿದ್ದೇನೆ. ನನ್ನ ತಮ್ಮ ಗಡಿಬಿಡಿಯಲ್ಲಿ ನೋಡಿದ್ದಾನೆ, ಮಧ್ಯಾಹ್ನಕ್ಕೇ ಕತ್ತಲಾಗುವ ಊರು, ಇನ್ನೊಂದು ಸಲ ನೋಡಿ ಬರೆಯುತ್ತಾನೆ ಅಂತ ಹೇಳಿದ್ದೇನೆ. ಈಗ ಅಲ್ಲೂ ಬೆಳಕು ಬಂದಿರಬೇಕಲ್ಲ? ಹೋಗು ಲಿನೊ. ಮೊದಲ ಸಲ ಮಲಗಿದ ಹಾಗೆ ನೆಲದ ಮೇಲೆ ಮಲಗಿ ಇನ್ನೊಮ್ಮೆ ನೋಡು. ಅವನ ಮುಖ ನಿನ್ನ ಕಡೆ ಇದೆ ಅನ್ನೋದು ನೆನಪಿಟ್ಟುಕೋ. ನಿನ್ನ ಎಡ ಅಲ್ಲ, ಅವನ ಎಡ.

ನಿನ್ನ ಅಕ್ಕ
ಎಪಿಫಾನಿಯಾ